ಸಂಪಾದಕರ ಉತ್ತರ: ಡಾಲಿಯ ಗಡಿಯಾರ, ನಿಮ್ಮ ಧ್ಯಾನ

ಪ್ರಿಯ ಓದುಗರೇ,

ಧ್ಯಾನ ಶುರು ಮಾಡಿದ ಮೇಲೆ ಸರ್ರಿಯಲ್ ಚಿತ್ರಗಳು (ಕನಸಿನಂಥ, ತರ್ಕಕ್ಕೆ ಸಿಗದ ಚಿತ್ರಗಳು) ತಾವಾಗಿಯೇ ಅರ್ಥವಾಗುತ್ತಿವೆ, ಸ್ಪೇನ್‌ನ ಚಿತ್ರಕಾರ ಡಾಲಿಯ ಕರಗುವ ಗಡಿಯಾರಗಳಲ್ಲಿ ಕಾಲವೇ ಇಲ್ಲದ ಸ್ಥಿತಿ ಕಾಣುತ್ತದೆ, ಅಂದಮೇಲೆ ಈ ಕಲೆಯ ಬೇರು ಅಧ್ಯಾತ್ಮವೇ ಅಲ್ವಾ ಎಂದು ಕೇಳಿದ್ದೀರಿ. ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ನನ್ನದೊಂದು ತಕರಾರಿದೆ.

ಮೊದಲು ಗಡಿಯಾರ. 1931ರ ಆ ಚಿತ್ರ ಹೊಳೆದದ್ದು ಊಟದ ನಂತರ ಮೆತ್ತಗಾಗಿದ್ದ ಕ್ಯಾಮೆಂಬರ್ ಚೀಸ್ ಬಗ್ಗೆ ಯೋಚಿಸುತ್ತಿದ್ದಾಗ ಎಂದು ಡಾಲಿಯೇ ಹೇಳಿಕೊಂಡಿದ್ದಾನೆ. ಹಾಗಂತ ನಿಮಗೆ ಕಂಡದ್ದು ಸುಳ್ಳಲ್ಲ. ಅದು ನಿಮ್ಮದು, ಅಷ್ಟೇ.

1924ರಲ್ಲಿ ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆಟನ್ ಈ ಸರ್ರಿಯಲ್ ಪಂಥದ ಪ್ರಣಾಳಿಕೆ ಬರೆದಾಗ ಅವನ ತಲೆಯಲ್ಲಿದ್ದದ್ದು ಅಧ್ಯಾತ್ಮವಲ್ಲ, ಸುಪ್ತ ಮನಸ್ಸನ್ನು ಕೆದಕಿದ ಮನೋವಿಶ್ಲೇಷಕ ಫ್ರಾಯ್ಡ್. ಬ್ರೆಟನ್‌ನ ಗುಂಪಿಗೆ ಚರ್ಚ್ ಕಂಡರೆ ಆಗುತ್ತಿರಲಿಲ್ಲ. ಆದರೆ ಮಜಾ ನೋಡಿ, ಮರುವರ್ಷವೇ ಅವರ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪೋಪ್‌ಗೆ ಬೈದು ಒಂದು ಪತ್ರ, ದಲೈ ಲಾಮಾಗೆ ಶರಣೆಂದು ಇನ್ನೊಂದು!

ಅದೇ ಗುಂಪಿನ ಚಿತ್ರಕಾರ ಆಂದ್ರೆ ಮ್ಯಾಸನ್ ಏನು ಬಿಡಿಸಬೇಕೆಂದು ಯೋಚಿಸದೆ ಪೆನ್ನನ್ನು ಕಾಗದದ ಮೇಲೆ ಓಡಲು ಬಿಡುತ್ತಿದ್ದ. ಮೇಲುನೋಟಕ್ಕೆ ಧ್ಯಾನದಂತೆಯೇ ಇದೆ, ಬುದ್ಧಿಯ ಹಿಡಿತ ಸಡಿಲಿಸುವುದು. ಡಾಲಿಯದು ಇನ್ನೂ ಚೆನ್ನಾಗಿದೆ: ಕುರ್ಚಿಯಲ್ಲಿ ಕೂತು, ಬೆರಳಲ್ಲಿ ಭಾರದ ಕೀಲಿಕೈ ಹಿಡಿದು, ಕೆಳಗೆ ತಟ್ಟೆ ಇಟ್ಟುಕೊಂಡು ತೂಕಡಿಸಬೇಕು, ನಿದ್ದೆ ಹತ್ತಿದೊಡನೆ ಕೀಲಿಕೈ ಬಿದ್ದು ಸದ್ದಾಗಿ ಎಚ್ಚರವಾಗುತ್ತದೆ. ಆ ಒಂದು ಕ್ಷಣದಲ್ಲಿ ಕಂಡದ್ದನ್ನು ಅವನು ಬಾಚಿಕೊಳ್ಳುತ್ತಿದ್ದ. ಆದರೆ ಧ್ಯಾನಕ್ಕೆ ಕೂತಾಗ ನೀವು ಮಾಡುವುದು ಇದರ ತದ್ವಿರುದ್ಧ, ಬಂದ ಚಿತ್ರ ಬರಲಿ, ಹೋಗಲಿ ಎಂದು ಸುಮ್ನೆ ನೋಡುತ್ತೀರಿ. ಬಾಗಿಲು ಒಂದೇ ಇರಬಹುದು, ಒಳಗೆ ಹೋಗಿ ಮಾಡುವ ಕೆಲಸ ಬೇರೆ.

ನಿಮ್ಮ ಮಾತು ಪೂರ್ತಿ ನಿಜವಾಗುವುದು ಚಿತ್ರಕಲಾವಿದೆ ರೆಮೆಡಿಯೋಸ್ ವಾರೋ ಬಳಿ. ಸ್ಪೇನ್‌ನಿಂದ ಹೊರಟು ಮೆಕ್ಸಿಕೋದಲ್ಲಿ ನೆಲೆಸಿದ ಈಕೆಗೆ ಅಧ್ಯಾತ್ಮ ಗುರು ಗುರ್ಜೀಫ್‌ನ ವಿಚಾರಗಳಲ್ಲಿ ತುಂಬಾ ಆಸಕ್ತಿ. ಆಕೆಯ 1958ರ ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ನಕ್ಷತ್ರಗಳನ್ನು ಅರೆದು, ಪಂಜರದಲ್ಲಿರುವ ಚಂದ್ರನಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಾಳೆ. ಭೂಮಿಯ ಜೀವರಾಶಿಯೇ ಚಂದ್ರನಿಗೆ ಆಹಾರ ಎಂದು ಗುರ್ಜೀಫ್ ಕಲಿಸುತ್ತಿದ್ದ. ಇದು ಗೊತ್ತಿಲ್ಲದೆ ನೋಡಿದರೆ ದಣಿದ ತಾಯಿಯೊಬ್ಬಳು ಕಾಣುತ್ತಾಳೆ. ಗೊತ್ತಿದ್ದು ನೋಡಿದರೆ ಅವಳ ದಣಿವು ಇನ್ನೂ ಜಾಸ್ತಿ ಕಾಣುತ್ತದೆ, ಯಾಕೆಂದರೆ ಆ ಕೆಲಸಕ್ಕೆ ಕೊನೆಯೇ ಇಲ್ಲ. ಇಲ್ಲಿ ಅಧ್ಯಾತ್ಮ ನೋಡುವವರು ಅಂಟಿಸಿದ್ದಲ್ಲ, ಚಿತ್ರದ ಒಳಗೇ ಇದೆ.

ಅಧ್ಯಾತ್ಮದ ಇದೇ ಕೀಲಿಯನ್ನು ಇನ್ನೊಬ್ಬ ಸರ್ರಿಯಲ್ ಚಿತ್ರಕಾರ ಮ್ಯಾಗ್ರಿಟ್‌ಗೆ ಹಾಕಬೇಡಿ. ತನ್ನ ಚಿತ್ರಗಳಲ್ಲಿ ಸಂಕೇತ ಹುಡುಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಹಾಗಾದರೆ ಧ್ಯಾನದಿಂದ ಏನೂ ಲಾಭವಿಲ್ಲವೇ? ಇದೆ. ಅರ್ಥ ಸಿಗದ ಚಿತ್ರದ ಮುಂದೆ ಚಡಪಡಿಸದೆ ನಿಲ್ಲುವ ತಾಳ್ಮೆ ಬರುತ್ತದೆ. ಈ ಕಲೆಗೆ ಅದಕ್ಕಿಂತ ಜಾಸ್ತಿ ಬೇಕಾದ್ದು ಏನೂ ಇಲ್ಲ ಅನ್ನಿಸುತ್ತದೆ ನನಗೆ. ಆದರೆ ಪ್ರತಿ ಕಣ್ಣೂ ಮೂರನೇ ಕಣ್ಣು, ಪ್ರತಿ ಮೆಟ್ಟಿಲೂ ಮೋಕ್ಷ ಎಂದು ಹೊರಟರೆ ಆ ತಾಳ್ಮೆಯನ್ನೇ ಕಳೆದುಕೊಂಡಂತೆ.

ಪತ್ರದ ಜೊತೆ ನೀವು ಬಿಡಿಸಿದ ಚಿತ್ರವನ್ನೂ ಅದರ ಅರ್ಥ ವಿವರಿಸುವ ಎರಡು ಪುಟವನ್ನೂ ಕಳಿಸಿದ್ದೀರಿ. ಚಿತ್ರ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಆ ಎರಡು ಪುಟ ಹಾಕುತ್ತಿಲ್ಲ, ಬೇಜಾರು ಮಾಡ್ಕೋಬೇಡಿ.

– ಸಂಪಾದಕ