ಊರಿಂದ ಅಪ್ಪ-ಅಮ್ಮ ಬಂದಾಗ ವ್ಯಾಲಿಫೇರ್‌ಗೆ ಹೋಗೋದಾ, ಸ್ಟೇಟ್ ಫೇರ್‌ಗಾ?

ನೀವು ಕೇಳಿದ್ದು ಇಷ್ಟು: ಹೋದ ಚಳಿಗಾಲದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದಿದ್ದೀರಿ. ಮಕ್ಕಳಿಗೆ 5 ಮತ್ತು 9 ವರ್ಷ. ಬೇಸಿಗೆಗೆ ಊರಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಎಲ್ಲರೂ ವ್ಯಾಲಿಫೇರ್ ಅಮ್ಯೂಸ್‌ಮೆಂಟ್ ಪಾರ್ಕ್‌ಗೂ ಮಿನೆಸೋಟ ಸ್ಟೇಟ್ ಫೇರ್‌ಗೂ ಹೋಗಲೇಬೇಕು ಅನ್ನುತ್ತಾರೆ, ಎರಡೂ ಬೇಕಾ, ಒಂದು ಸಾಕಾ?

ಎರಡಕ್ಕೂ ಹೋಗಿ. ಆದರೆ ವ್ಯಾಲಿಫೇರ್‌ಗೆ ನೀವಿಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಅಪ್ಪ-ಅಮ್ಮನನ್ನು ಸ್ಟೇಟ್ ಫೇರ್‌ಗೆ ಕರೆದುಕೊಂಡು ಹೋಗಿ. ಅದಕ್ಕೆ ಮೊದಲು ಒಂದು ಮಾತು. ಅವರ ವಾಪಸ್ ಟಿಕೆಟ್ ಇನ್ನೂ ಬುಕ್ ಆಗಿಲ್ಲದಿದ್ದರೆ ಸೆಪ್ಟೆಂಬರ್ ಮೊದಲ ವಾರ ದಾಟಿದ ಮೇಲೆ ಮಾಡಿ. ಫೇರ್ ನಡೆಯುವುದು ವರ್ಷಕ್ಕೆ 12 ದಿನ ಮಾತ್ರ. ಆಗಸ್ಟ್ ಕೊನೆಯಲ್ಲಿ ಶುರುವಾಗಿ ಲೇಬರ್ ಡೇ, ಅಂದರೆ ಸೆಪ್ಟೆಂಬರ್‌ನ ಮೊದಲ ಸೋಮವಾರಕ್ಕೆ ಮುಗಿಯುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಆಗಸ್ಟ್ ಮಧ್ಯಕ್ಕೇ ಹೊರಟುಬಿಡುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಹತ್ತು ದಿನ ತಡೆದಿದ್ದರೆ ಆಗುತ್ತಿತ್ತಲ್ಲ ಅಂತ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ. ನನ್ನ ಅಪ್ಪ-ಅಮ್ಮ ಮೊದಲ ಸಲ ಬಂದಾಗ ಜೂನ್‌ನಲ್ಲೇ ಅವರನ್ನು ಪಾರ್ಕ್‌ಗೆ ಕರೆದುಕೊಂಡು ಹೋದೆ. ಅವರಿಗೆ ಏನೋ ದೊಡ್ಡದು ತೋರಿಸಬೇಕು ಅನ್ನೋ ಆಸೆ. ಅಪ್ಪನಿಗೆ ಆಗ ಅರವತ್ತೆಂಟು, ಅಮ್ಮನಿಗೆ ಮೊಣಕಾಲು ನೋವು. ನಾವು ಒಂದೊಂದೇ ರೈಡ್‌ಗೆ ಕ್ಯೂ ನಿಲ್ಲುತ್ತಾ ಹೋದೆವು. ಅವರಿಬ್ಬರು ಬೆಳಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಬೆಂಚಿನ ಮೇಲೆ ನಮ್ಮ ಚೀಲ, ನೀರಿನ ಬಾಟಲಿ, ಮಕ್ಕಳ ಚಪ್ಪಲಿ ಕಾಯುತ್ತಾ ಕೂತಿದ್ದರು. ನೆರಳು ಸರಿದಂತೆ ಅವರೂ ಬೆಂಚಿಂದ ಬೆಂಚಿಗೆ ಸರಿದಿದ್ದರು. 'ಚೆನ್ನಾಗಿತ್ತು ಕಣಮ್ಮ, ಮಕ್ಕಳು ಖುಷಿಪಟ್ಟವಲ್ಲ' ಅಂದರು ಅಪ್ಪ. ಅದರಲ್ಲಿ ಪಾರ್ಕ್‌ನ ತಪ್ಪು ಏನೂ ಇಲ್ಲ. ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಯೋಚಿಸದೇ ಇದ್ದವಳು ನಾನು.

ವ್ಯಾಲಿಫೇರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಿನಿಯಾಪೊಲಿಸ್ ಹತ್ತಿರದ ಶಾಕೊಪಿಯಲ್ಲಿದೆ, 1976ರಿಂದ ನಡೆಯುತ್ತಿದೆ. ದೊಡ್ಡವರಿಗೆ ಅಲ್ಲಿನ ಆಕರ್ಷಣೆ ವೈಲ್ಡ್ ಥಿಂಗ್ ರೋಲರ್ ಕೋಸ್ಟರ್. 207 ಅಡಿ ಎತ್ತರ, ವೇಗ ಗಂಟೆಗೆ 74 ಮೈಲಿ, ಅಂದರೆ ಸುಮಾರು 119 ಕಿಲೋಮೀಟರ್. ನಿಮ್ಮ 9 ವರ್ಷದವರಿಗೆ ಎತ್ತರ ಸಾಕಾಗುತ್ತದಾ ಅಂತ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಂಡು ಹೋಗಿ. ಯಾವ ರೈಡ್‌ಗೆ ಎಷ್ಟು ಇಂಚು ಬೇಕು ಅಂತ ಅವರ ಸೈಟ್‌ನಲ್ಲಿ ಇರುತ್ತದೆ. ಒಂದು ಗಂಟೆ ಕ್ಯೂ ನಿಂತ ಮೇಲೆ ಅಳತೆ ಕೋಲಿನ ಹತ್ತಿರ ಮಗು ಅಳೋದನ್ನು ನೋಡೋಕೆ ಆಗಲ್ಲ. 5 ವರ್ಷದವರಿಗೆ ಪ್ಲಾನೆಟ್ ಸ್ನೂಪಿ ಅನ್ನೋ ಚಿಕ್ಕ ಮಕ್ಕಳ ಜಾಗ ಸಾಕು, ಅಲ್ಲೇ ಅರ್ಧ ದಿನ ಕಳೆಯುತ್ತಾರೆ. ಮಧ್ಯಾಹ್ನ ಪಾರ್ಕ್ ಒಳಗೇ ಇರೋ ಸೋಕ್ ಸಿಟಿಯಲ್ಲಿ ನೀರಾಟ. ಮಂಗಳವಾರವೋ ಬುಧವಾರವೋ ರಜೆ ಹಾಕಿ ಹೋಗಿ, ಶನಿವಾರ ಬೇಡವೇ ಬೇಡ. ಅವತ್ತು ಅಪ್ಪ-ಅಮ್ಮ ಮನೆಯಲ್ಲಿ ಆರಾಮಾಗಿ ಮಧ್ಯಾಹ್ನದ ನಿದ್ದೆ ಮಾಡಲಿ.

ಇನ್ನು ಫೇರ್. ಹೆಸರು ಕೇಳಿ ಸುಮ್ನೆ ಎಕ್ಸಿಬಿಷನ್ ಅಂದುಕೊಳ್ಳಬೇಡಿ. ಇದು ರೈತರ ಜಾತ್ರೆ. ಮೊದಲು ನಡೆದದ್ದು 1859ರಲ್ಲಿ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಡುವಿನ ಈಗಿನ ಜಾಗಕ್ಕೆ 1885ರಲ್ಲಿ ಬಂತು. ಮಧ್ಯೆ ನಿಂತಿದ್ದು ಕೆಲವೇ ವರ್ಷ. 1946ರಲ್ಲಿ ಪೋಲಿಯೊ ಹರಡಿತ್ತು ಅಂತ, 2020ರಲ್ಲಿ ಕೊರೊನಾ ಅಂತ. ಇದನ್ನು ಹೇಳಿದಾಗ ಅಪ್ಪ, 'ಪ್ಲೇಗ್ ಬಂದಾಗ ನಮ್ಮ ಕಡೆನೂ ಜಾತ್ರೆ ನಿಲ್ಲಿಸ್ತಿದ್ರಂತೆ, ನಮ್ಮಜ್ಜಿ ಹೇಳೋರು' ಅಂದರು. ನಮ್ಮದು ಚನ್ನರಾಯಪಟ್ಟಣದ ಕಡೆ. ಅಪ್ಪ ಚಿಕ್ಕಂದಿನಿಂದ ಬೂಕನಬೆಟ್ಟದ ದನದ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋದವರು. ಎರಡನೇ ಸಲ ಬಂದಾಗ ಅವರನ್ನು ಇಲ್ಲಿನ ಕ್ಯಾಟಲ್ ಬಾರ್ನ್ ಬಾಗಿಲಲ್ಲಿ ನಿಲ್ಲಿಸಿದೆ ನೋಡಿ, ಆ ಮುಖವೇ ಬೇರೆ.

ಒಳಗೆ ಸಾಲು ಸಾಲು ಹಸುಗಳು. 'ಇದು ನಮ್ಮ ಡೇರಿಗೆ ಹಾಲು ಹಾಕೋ ಎಚ್‌ಎಫ್ ಹಸುನೇ ಅಲ್ವಾ' ಅಂದರು. ಅದೇ, ಆದರೆ ಅವರ ಎದೆಮಟ್ಟಕ್ಕಿಂತ ಎತ್ತರ. ಹನ್ನೆರಡು ವರ್ಷದ ಒಂದು ಹುಡುಗಿ ತಾನೇ ಸಾಕಿದ ಕಡಸನ್ನು ಸ್ಪರ್ಧೆಗೆ ತಯಾರು ಮಾಡುತ್ತಿದ್ದಳು. ಮೈ ತೊಳೆದು, ದೊಡ್ಡ ಬ್ಲೋಯರ್ ಹಿಡಿದು ಕೂದಲು ಒಣಗಿಸಿ, ಬ್ರಷ್‌ನಲ್ಲಿ ಒಂದೇ ಕಡೆಗೆ ಬಾಚುತ್ತಿದ್ದಳು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಇಪ್ಪತ್ತು ನಿಮಿಷ ಅದನ್ನೇ ನೋಡಿದರು. 'ನಾವು ಕೊಂಬಿಗೆ ಎಣ್ಣೆ ಸವರಿ ಟೇಪು ಕಟ್ತೀವಿ, ಇವಳು ಕೂದಲು ಬಾಚ್ತಾಳೆ' ಅಂದರು.

ನೀವು ಮರೆಯದೆ ಹೋಗಬೇಕಾದ ಜಾಗ ಮಿರಕಲ್ ಆಫ್ ಬರ್ತ್ ಸೆಂಟರ್. ಗಬ್ಬದ ಹಸು, ಕುರಿ, ಹಂದಿಗಳನ್ನು ಅಲ್ಲಿ ಇಟ್ಟಿರುತ್ತಾರೆ. ಆ 12 ದಿನಗಳಲ್ಲಿ ಅವು ಜನರ ಎದುರಿಗೇ ಈಯುತ್ತವೆ. ಪಶುವೈದ್ಯರು ಪಕ್ಕದಲ್ಲೇ ಇದ್ದು ಮೈಕಿನಲ್ಲಿ ವಿವರಿಸುತ್ತಾರೆ. ನಾವು ಹೋದಾಗ ಒಂದು ಹಸು ಎದ್ದು ಮಲಗಿ ಮಾಡುತ್ತಿತ್ತು. ಸುತ್ತ ನೂರಾರು ಜನ, ಪಿಸುಮಾತಿನಲ್ಲಿ ಕಾಯುತ್ತಿದ್ದರು. ನಾನು ಹತ್ತು ನಿಮಿಷ ನೋಡಿ ಮುಂದೆ ಹೋಗೋಣ ಅಂದೆ. ಅಪ್ಪ ಅಲ್ಲಾಡಲಿಲ್ಲ. ಬೇಲಿಯ ಕಂಬಿ ಹಿಡಿದು ನಿಂತುಬಿಟ್ಟರು. ಸ್ವಲ್ಪ ಹೊತ್ತಿಗೆ, 'ಮುಂಗಾಲು ಎರಡೂ ಬಂದ್ವು. ಮೂತಿನೂ ಕಾಣ್ತಾ ಇದೆ. ಇನ್ನು ಭಯ ಇಲ್ಲ' ಅಂದರು. ಅರ್ಧ ನಿಮಿಷ ಆದ ಮೇಲೆ ಮೈಕಿನಲ್ಲಿ ಡಾಕ್ಟರೂ ಅದನ್ನೇ ಹೇಳಿದರು. ನನ್ನ ಮಗಳು ಪಕ್ಕದಲ್ಲಿದ್ದ ಹೆಂಗಸಿಗೆ, ನಮ್ಮ ತಾತ ಮೊದಲೇ ಹೇಳಿದ್ರು ಅಂತ ಇಂಗ್ಲಿಷ್‌ನಲ್ಲಿ ಹೇಳಿಬಿಟ್ಟಳು. ಆಮೇಲೆ ಆಕೆ ಕೇಳೋದು, ಮಗಳು ಕನ್ನಡಕ್ಕೆ ಹೇಳೋದು, ತಾತ ಉತ್ತರ ಕೊಡೋದು. ಇನ್ನೂ ಎಷ್ಟು ಹೊತ್ತು? ಮೊದಲ ಕರುನಾ? ನಿಮ್ಮ ಹತ್ತಿರ ಎಷ್ಟು ಹಸು ಇವೆ?

ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಚಪ್ಪಾಳೆ ಬಿತ್ತು. ಅಪ್ಪ ಚಪ್ಪಾಳೆ ಹೊಡೆಯಲಿಲ್ಲ. ಹಸು ಕರು ನೆಕ್ಕುತ್ತದಾ ಅಂತ ನೋಡುತ್ತಿದ್ದರು. 'ಗೊರಸಿನ ತುದಿ ಮೆತ್ತಗಿರುತ್ತೆ, ಅದನ್ನ ಗಿಲ್ಲಿ ತೆಗೀಬೇಕು, ಇವರು ತೆಗೆಯೋದಿಲ್ವಾ?' ಅಂತ ನನ್ನನ್ನು ಕೇಳಿದರು. ಅಮ್ಮನ ಚಿಂತೆ ಬೇರೆ. 'ಇಷ್ಟೊಂದು ಹಸು ಈಯುತ್ತವಲ್ಲ, ಗಿಣ್ಣು ಯಾರಿಗೆ?' ಮೊದಲ ಹಾಲು ಕರುವಿಗೇ ಅಂತ ಹೇಳಿದೆ. 'ಅದಕ್ಕೆ ಕುಡಿಸಿ ಮಿಕ್ಕಿದ್ದು?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಆ ದಿನವೆಲ್ಲ ಗಿಣ್ಣಿನ ಮಾತೇ ಆಡಿದರು.

ಡೇರಿ ಬಿಲ್ಡಿಂಗ್‌ನಲ್ಲಿ ಬೆಣ್ಣೆಯ ತಲೆಗಳು. ನಿಜವಾಗಿ ತಲೆಗಳೇ. ಹೈನುಗಾರರ ಮನೆಗಳಿಂದ ಪ್ರತಿ ವರ್ಷ ಒಬ್ಬ ಹುಡುಗಿಯನ್ನು ಪ್ರಿನ್ಸೆಸ್ ಕೇ ಅಂತ ಆರಿಸುತ್ತಾರೆ. ಅವಳದೂ, ಕೊನೆಯ ಸುತ್ತಿಗೆ ಬಂದ ಉಳಿದ ಹುಡುಗಿಯರದೂ ಮುಖವನ್ನು 90 ಪೌಂಡ್, ಅಂದರೆ ಸುಮಾರು 41 ಕಿಲೋ ಬೆಣ್ಣೆ ಗಟ್ಟಿಯಲ್ಲಿ ಕೆತ್ತುತ್ತಾರೆ. ಗಾಜಿನ ಕೋಣೆ ನಿಧಾನಕ್ಕೆ ತಿರುಗುತ್ತಿರುತ್ತದೆ, ಒಳಗೆ ಫ್ರಿಜ್ಜಿನ ಚಳಿ. ಹುಡುಗಿ ಆಗಸ್ಟ್ ಬಿಸಿಲಲ್ಲಿ ಚಳಿಗಾಲದ ಜಾಕೆಟ್ ಹಾಕಿಕೊಂಡು ಗಂಟೆಗಟ್ಟಲೆ ಕೂತಿರುತ್ತಾಳೆ. ಲಿಂಡಾ ಕ್ರಿಸ್ಟೆನ್ಸನ್ ಅನ್ನೋ ಶಿಲ್ಪಿ 1972ರಿಂದ 2021ರವರೆಗೆ ಈ ಕೆಲಸ ಮಾಡಿದರು. ಕೆತ್ತಿದ ಬೆಣ್ಣೆಯನ್ನು ಹುಡುಗಿಯರು ಮನೆಗೆ ಒಯ್ಯುತ್ತಾರೆ. ಕೆಲವರು ಊರಿನವರನ್ನೆಲ್ಲ ಕರೆದು ಮುಸುಕಿನ ಜೋಳದ ತೆನೆಗೆ ಸವರಿ ಹಂಚುತ್ತಾರಂತೆ. ಅಮ್ಮ ಗಾಜಿಗೆ ಮುಖ ಹಚ್ಚಿ ನೋಡಿದರು. 'ಆಂಜನೇಯನಿಗೆ ಬೆಣ್ಣೆ ಅಲಂಕಾರ ಮಾಡ್ತಾರಲ್ಲ, ಹಂಗೇ' ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಅಲಂಕಾರ ಮುಗಿದ ಮೇಲೆ ಆ ಬೆಣ್ಣೆಯನ್ನೂ ಹಂಚುತ್ತಾರೆ ಅಲ್ವಾ.

ಅಮ್ಮನಿಗೆ ಇನ್ನೂ ಇಷ್ಟವಾಗಿದ್ದು ಕ್ರಾಪ್ ಆರ್ಟ್. ಅಗ್ರಿಕಲ್ಚರ್ ಹಾರ್ಟಿಕಲ್ಚರ್ ಬಿಲ್ಡಿಂಗ್‌ನಲ್ಲಿದೆ. ಬೀಜಗಳನ್ನು ಒಂದೊಂದಾಗಿ ಅಂಟಿಸಿ ಮಾಡಿದ ಚಿತ್ರಗಳು. ಮಿನೆಸೋಟದ ಹೊಲದಲ್ಲಿ ಬೆಳೆಯುವ ಬೀಜವೇ ಆಗಬೇಕು ಅನ್ನೋದು ನಿಯಮ. ದೂರದಿಂದ ನೋಡಿದರೆ ಪೇಂಟಿಂಗ್, ಹತ್ತಿರ ಹೋದರೆ ಒಂದೊಂದು ಕಾಳು. 'ಇದು ಅಗಸೆ, ಇದು ನವಣೆ ಥರ ಇದೆ' ಅಂತ ಅಮ್ಮ ಬೆರಳು ತೋರಿಸುತ್ತಾ ಹೋದರು. ಅಲ್ಲಿ ಕ್ಯೂ ಉದ್ದ, ಆದರೆ ನಿಧಾನಕ್ಕೆ ನಡೆಯುತ್ತಲೇ ಇರುತ್ತದೆ.

ಊಟ. ಸಸ್ಯಾಹಾರಿಗಳಾದರೆ ಹೆದರಬೇಡಿ, ಆದರೆ ಕೇಳಿ ತಿನ್ನಿ. ಕಡ್ಡಿಗೆ ಚುಚ್ಚಿ ಕರಿದದ್ದರಲ್ಲಿ ಮಾಂಸ ಇರೋದು ಜಾಸ್ತಿ, ಪ್ರಾಂಟೊ ಪಪ್ ಒಳಗೆ ಸಾಸೇಜ್ ಇರುತ್ತದೆ. ಸುಟ್ಟ ಮುಸುಕಿನ ಜೋಳದ ತೆನೆಯನ್ನು ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ. ಮನೆಯಿಂದ ಉಪ್ಪು-ಖಾರ ಕಲಸಿ ಒಂದು ಪೊಟ್ಟಣ, ಜೊತೆಗೆ ನಿಂಬೆಹಣ್ಣು ಇಟ್ಟುಕೊಳ್ಳಿ. ಚೀಸ್ ಕರ್ಡ್ಸ್ ನಮ್ಮ ಬಜ್ಜಿಯ ಹಾಗೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು, ಎಣ್ಣೆ ಯಾವುದಕ್ಕೆ ಬಳಸಿದ್ದು ಅಂತ ವಿಚಾರಿಸಿ. ಸ್ವೀಟ್ ಮಾರ್ಥಾ ಕುಕೀಸ್ ಬಕೆಟ್‌ನಲ್ಲಿ ಸಿಗುತ್ತದೆ, ಮುಚ್ಚಳ ಹಾಕೋಕೆ ಆಗದಷ್ಟು ತುಂಬಿರುತ್ತಾರೆ. ಒಂದು ಸಲ ದುಡ್ಡು ಕೊಟ್ಟರೆ ಎಷ್ಟು ಬೇಕಾದರೂ ಹಾಲು ಕುಡಿಯಬಹುದಾದ ಅಂಗಡಿ ಇದೆ. ಅಪ್ಪ ಮೂರು ಲೋಟ ಕುಡಿದರು. ಮನೆಯಿಂದ ಚಪಾತಿ, ಮೊಸರನ್ನ ಕಟ್ಟಿಕೊಂಡು ಹೋದರೂ ಒಳಗೆ ಬಿಡುತ್ತಾರೆ. ಅಮ್ಮನಂಥವರಿಗೆ ಅದೇ ದೊಡ್ಡ ನೆಮ್ಮದಿ.

ಮಕ್ಕಳು ಬೇಜಾರಾಗುತ್ತೆ ಅಂದರೆ ಜೈಂಟ್ ಸ್ಲೈಡ್ ಇದೆ, ಗೋಣಿಚೀಲದ ಮೇಲೆ ಕೂತು ಜಾರೋದು. 1915ರ ಯೆ ಓಲ್ಡ್ ಮಿಲ್ ದೋಣಿಯಲ್ಲಿ ಅಪ್ಪ-ಅಮ್ಮನೂ ಕೂರಬಹುದು. ಕತ್ತಲೆ ಸುರಂಗದಲ್ಲಿ ನೀರಿನ ಮೇಲೆ ನಿಧಾನಕ್ಕೆ ಹೋಗುತ್ತದೆ, ಕುಲುಕಾಟ ಇಲ್ಲ.

ಹೋಗುವ ರೀತಿ. ಕಾರು ಹತ್ತಿರ ತರಬೇಡಿ. ಊರಿನ ಸುತ್ತ ಪಾರ್ಕ್ ಅಂಡ್ ರೈಡ್ ಜಾಗಗಳಿವೆ, ಅಲ್ಲಿ ಕಾರು ನಿಲ್ಲಿಸೋದೂ ಬಸ್ಸೂ ಎರಡೂ ಉಚಿತ. 2019ರಲ್ಲಿ 12 ದಿನಕ್ಕೆ 21 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು ಅಂದರೆ ಶನಿವಾರ, ಭಾನುವಾರ ಹೇಗಿರುತ್ತೆ ಯೋಚಿಸಿ. ವಾರದ ಮಧ್ಯೆ, ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. 65 ದಾಟಿದವರಿಗೆ ಟಿಕೆಟ್ ಕಡಿಮೆ. ನಡಿಗೆ ತುಂಬಾ ಇರುತ್ತದೆ, ಬಾಡಿಗೆಗೆ ವೀಲ್‌ಚೇರ್ ಸಿಗುತ್ತದೆ. ಅಮ್ಮ ಮೊದಲು ಬೇಡ ಅಂದರು. ಹನ್ನೊಂದು ಗಂಟೆಗೆ ಕೂತರು, ಆಮೇಲೆ ಸಂಜೆವರೆಗೂ ಎಲ್ಲಾ ನೋಡಿದರು. ದನದ ಕೊಟ್ಟಿಗೆಗಳನ್ನು ಬೆಳಗ್ಗೆ ತಂಪಿನಲ್ಲೇ ಮುಗಿಸಿ, ಮಧ್ಯಾಹ್ನ ಬಿಲ್ಡಿಂಗ್‌ಗಳ ಒಳಗಿರಿ. ಬರ್ತ್ ಸೆಂಟರ್‌ಗೆ ಮಾತ್ರ ಟೈಮ್ ಲೆಕ್ಕ ಹಾಕಬೇಡಿ. ನಿಮ್ಮ ತಂದೆ ಹಸು ಕಟ್ಟಿದವರಾದರೆ ಕರು ಎದ್ದು ನಿಲ್ಲೋವರೆಗೆ ಅಲ್ಲಿಂದ ಬರೋದಿಲ್ಲ.