ಒತ್ತಕ್ಷರಕ್ಕ ಅವಸರ ಬ್ಯಾಡ್ರಿ

ಅಕ್ಕಾರ, ಒಂದನೇ ತರಗತಿ ಮುಗೀಲಿಕ್ಕೆ ಬಂದ್ರೂ ಮಗ ಒತ್ತಕ್ಷರ ಓದವಲ್ಲ, ಬಾಜೂ ಮನಿ ಹುಡುಗಿ ಪೇಪರ್ ಓದ್ತಾಳ, ಟ್ಯೂಷನ್ ಹಚ್ಚಬೇಕಾ ಅಂತ ಕೇಳೀರಿ. ನನ್ನ ಕೇಳಿದ್ರ ಬ್ಯಾಡ. ಸಣ್ಣ ಮಕ್ಕಳಿಗೆ ಓದು-ಲೆಕ್ಕ ಕಲಿಸೋ ಸರ್ಕಾರದ 'ನಿಪುಣ್ ಭಾರತ್' ಯೋಜನೆ ಗುರಿನೇ 3ನೇ ತರಗತಿ ಮುಗಿಯೋದ್ರಾಗ ಅರ್ಥ ಮಾಡ್ಕೊಂಡು ಓದಬೇಕು ಅಂತದ. ನಿಮಗಿನ್ನೂ 2 ವರ್ಷ ಅವ.

ನನ್ನ ಮಗಳು ಏಳು ತುಂಬೋತನಕ ಪುಸ್ತಕ ಮುಟ್ಟಲಿಲ್ಲ. ಕಲಬುರಗಿ ಬಸ್‌ಸ್ಟ್ಯಾಂಡಿನಾಗ ಬೋರ್ಡ್ ನೋಡಿ ಶುರು ಮಾಡಿದ್ಳು. 'ಆಳಂದ' ಸಲೀಸಾಗಿ ಬಂತು, 'ಜೇವರ್ಗಿ'ಗೆ ಬಂದು 'ಜೇವಗಿರ್' ಅಂದ್ಳು. ನಗಬ್ಯಾಡ್ರಿ, ತಪ್ಪು ಆಕಿದಲ್ಲ. ಬಾಯಾಗ ಮೊದಲು ಬರೋ 'ರ್', ಬರಿಯೋವಾಗ ಅರ್ಕಾವತ್ತಾಗಿ 'ಗಿ' ಆದಮ್ಯಾಲೆ ಕೂಡ್ತದ. ಓದಿ ರೂಢಿಯಾದ ನಮಗ ಇದು ಕಾಣಂಗೇ ಇಲ್ಲ. ನಾ ತಿದ್ದಲಿಲ್ಲ, 'ಬಸ್ಸು ಯಾವ ಊರಿಗೆ ಹೊಂಟದ?' ಅಂದೆ. ತಾನೇ ಮತ್ತೊಮ್ಮೆ ನೋಡಿ 'ಜೇವರ್ಗಿ!' ಅಂತ ಕೂಗಿದ್ಳು, ಕಂಡಕ್ಟರ್ ಸೈತ ತಿರುಗಿ ನೋಡಿದ.

ರಾತ್ರಿ ಹತ್ತು ನಿಮಿಷ ನೀವೇ ಓದಿ ಹೇಳ್ರಿ, ಬೆರಳು ಅಕ್ಷರದ ಮ್ಯಾಲಿರಲಿ. ನಡುವ ಪರೀಕ್ಷೆ ಮಾಡಬ್ಯಾಡ್ರಿ. ಒಂದು ಮಾತ್ರ, ಬೋರ್ಡ್ ನೋಡ್ಲಿಕ್ಕೆ ಕಣ್ಣು ಕಿರಿದು ಮಾಡ್ತಿದ್ರ ಟ್ಯೂಷನ್ನಿಗಿಂತ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸ್ರಿ.