ಬಸುರಿ ಅಲ್ಲ, ಬಸುರ!

ಪ್ರಶ್ನೆ: ಕಡಲಕುದುರೆ ನಿಜವಾಗಿಯೂ ಮೀನೇನಾ ಸಾರ್? ಅದರಲ್ಲಿ ಗಂಡೇ ಬಸುರಾಗುತ್ತದೆ ಅಂತ ಮಗಳು ವಾದ ಮಾಡುತ್ತಾಳೆ. ನನಗೇನೋ ನಂಬಿಕೆ ಬರುತ್ತಿಲ್ಲ.

ಉತ್ತರ: ಮಗಳು ಗೆದ್ದಳು, ಒಪ್ಪಿಕೊಂಡುಬಿಡಿ. ನಾನೂ ಇದರಲ್ಲಿ ಏಮಾರಿದವನೇ. ಪದವಿ ಓದುವಾಗ ನಮ್ಮ ಲ್ಯಾಬಿನಲ್ಲಿ ಒಂದು ಫಾರ್ಮಲಿನ್ ಬಾಟಲಿ ಇತ್ತು. ಒಳಗೆ ಬೆರಳುದ್ದದ ಕಡಲಕುದುರೆ, ಹೊಟ್ಟೆಯ ಕೆಳಗೆ ದಪ್ಪ ಉಬ್ಬು. ಮೇಲೆ ‘ಹೆಣ್ಣು’ ಅಂತ ಚೀಟಿ. ನಾನೂ ಚಿತ್ರ ಬಿಡಿಸಿ ರೆಕಾರ್ಡಿನಲ್ಲಿ ‘ಹೆಣ್ಣು’ ಅಂತಲೇ ಬರೆದೆ. ಮೇಷ್ಟರ ಸಹಿಯೂ ಬಿತ್ತು! ಎಷ್ಟೋ ವರ್ಷದ ಮೇಲೆ ಆ ಪುಸ್ತಕ ತೆರೆದಾಗ ನಗು ತಡೆಯಲಾಗಲಿಲ್ಲ. ಬಾಲ ಶುರುವಾಗುವ ಕಡೆ ಇರುವ ಆ ಉಬ್ಬು ಒಂದು ಚೀಲ. ಅದು ಇರುವುದು ಗಂಡಿಗೆ ಮಾತ್ರ.

ಹೆಣ್ಣು ತನ್ನ ಮೊಟ್ಟೆಗಳನ್ನು ಈ ಚೀಲದೊಳಗೆ ಹಾಕಿ ಹೋಗುತ್ತದೆ. ಅವು ಫಲಿಸುವುದೂ ಅಲ್ಲೇ. ಸುಮ್ನೆ ಹೊತ್ತು ತಿರುಗುವ ಜೋಳಿಗೆ ಅಂದುಕೊಳ್ಳಬೇಡಿ. ಚೀಲದ ಒಳಗೋಡೆಯ ತುಂಬ ರಕ್ತನಾಳಗಳು ಹಬ್ಬಿರುತ್ತವೆ, ಮರಿಗಳಿಗೆ ಆಮ್ಲಜನಕ ಸಿಗುವುದು ಅಲ್ಲಿಂದ. ಮರಿ ಬೆಳೆದಂತೆ ಒಳಗಿನ ನೀರಿನ ಉಪ್ಪು ಹೊರಗಿನ ಕಡಲಿಗೆ ಹೊಂದಿಕೊಳ್ಳುತ್ತಾ ಬರುತ್ತದೆ. ಸುಮಾರು ಎರಡರಿಂದ ನಾಲ್ಕು ವಾರ ಕಳೆದ ಮೇಲೆ ಅಪ್ಪ ಮೈ ಬಗ್ಗಿಸಿ ಬಗ್ಗಿಸಿ ಮರಿಗಳನ್ನು ಹೊರಗೆ ಚಿಮ್ಮಿಸುತ್ತಾನೆ. ಕೆಲವು ಜಾತಿಗಳಲ್ಲಿ ಒಂದೇ ಹೆರಿಗೆಗೆ 1000ಕ್ಕೂ ಜಾಸ್ತಿ! ಅಲ್ಲಿಗೆ ಅವನ ಕೆಲಸ ಮುಗಿಯಿತು. ಆಮೇಲೆ ಮರಿಗಳ ಪಾಡು ಮರಿಗಳದ್ದು. ಬದುಕುವುದು ಬೆರಳೆಣಿಕೆಯಷ್ಟು.

ಮೀನಂತೂ ಹೌದು. ಕಿವಿರಿದೆ, ಬೆನ್ನುಮೂಳೆಯಿದೆ, ಈಜುರೆಕ್ಕೆಯಿದೆ. ಹುರುಪೆ ಇಲ್ಲ, ಅದರ ಬದಲು ಚರ್ಮದಡಿ ಬಳೆ ಜೋಡಿಸಿದಂತೆ ಮೂಳೆಯ ಕವಚ. ಹಿಪೊಕ್ಯಾಂಪಸ್ ಅನ್ನುವ ಈ ಕುಲದಲ್ಲಿ 40ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ದಡದ ಹತ್ತಿರ ಕಡಲಹುಲ್ಲಿಗೋ ಹವಳಕ್ಕೋ ಬಾಲ ಸುತ್ತಿಕೊಂಡು ನಿಂತಿರುತ್ತವೆ. ಬಾಲಕ್ಕೆ ರೆಕ್ಕೆಯೇ ಇಲ್ಲವಲ್ಲ, ಈಜು ಬಹಳ ನಿಧಾನ. ಬೆನ್ನಿನ ಪುಟ್ಟ ರೆಕ್ಕೆ ಸೆಕೆಂಡಿಗೆ 30 ಸಲ ಬಡಿದರೂ ಅಷ್ಟೇ. ಬೇಟೆಗೆ ಬಂದರೆ ಮಾತ್ರ ಸೋಮಾರಿ ಅನ್ನುವಂತಿಲ್ಲ. ಕಣ್ಣು ಒಂದೊಂದು ಒಂದೊಂದು ಕಡೆ ತಿರುಗುತ್ತದೆ. ಹುಳದಂಥ ಸಿಗಡಿ ಹತ್ತಿರ ಬಂದರೆ ಸಾಕು, ಕೊಳವೆ ಮೂತಿಯಿಂದ ಸರಕ್ಕನೆ ಹೀರಿಬಿಡುತ್ತದೆ.

ಪ್ರಶ್ನೆ: ಇದನ್ನು ಮನೆಯ ಅಕ್ವೇರಿಯಂನಲ್ಲಿ ಸಾಕಬಹುದಾ?

ಉತ್ತರ: ಬೇಡ ಮಾರಾಯ್ರೇ. ಅದಕ್ಕೆ ಹಲ್ಲೂ ಇಲ್ಲ, ಜಠರವೂ ಇಲ್ಲ. ತಿಂದದ್ದು ಒಳಗೆ ನಿಲ್ಲುವುದಿಲ್ಲ. ದಿನಕ್ಕೆ ಹಲವು ಸಲ ಸಣ್ಣ ಸಣ್ಣ ಸಿಗಡಿ ಒದಗಿಸುತ್ತಾ ಕೂರಬೇಕು. ದೇಶದಿಂದ ದೇಶಕ್ಕೆ ಸಾಗಿಸಿ ಮಾರುವುದಕ್ಕೂ 2004ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತಾರಾಷ್ಟ್ರೀಯ ಒಪ್ಪಂದ) ಕಡಿವಾಣ ಇದೆ. ಗಪ್ಪಿ ಸಾಕಿ. ಅದೂ ಮರಿ ಹಾಕುತ್ತದೆ, ಆದರೆ ಅಲ್ಲಿ ಬಸುರಾಗುವುದು ಹೆಣ್ಣೇ.